ಗಾಣಕ್ಕೆ ಸಹಾಯಧನ, ಬೆಲ್ಲಕ್ಕೆ ಯಾರು?



ಸಣ್ಣ ಉದ್ದಿಮೆಗಳನ್ನು ಆಧುನಿಕಗೊಳಿಸುತ್ತೇವೆ ಅಂತ ಸರ್ಕಾರ ಹೇಳಿದರೆ, ಅದು ಪೀಣ್ಯದ ಲೇತ್ ಮೆಷಿನ್ನಿನವರ ಮಾತು, ನಮಗೇನು ಅಂತ ಪತ್ರಿಕೆ ಮಡಿಸಿ ಇಡಬೇಡಿ. ಆಲೆಮನೆಯೂ ಒಂದು ಕಾರ್ಖಾನೆಯೇ. 2020ರಲ್ಲಿ ಕೇಂದ್ರ ಸರ್ಕಾರ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗೆಂದು 10,000 ಕೋಟಿ ರೂಪಾಯಿಯ ಯೋಜನೆ ತಂದಿತು. ಮಂಡ್ಯ ಜಿಲ್ಲೆಗೆ ಅದರಲ್ಲಿ ಆರಿಸಿದ ಪದಾರ್ಥ ಬೆಲ್ಲ. ಘಟಕದ ಖರ್ಚಿನಲ್ಲಿ ನೂರಕ್ಕೆ 35, ಹೆಚ್ಚೆಂದರೆ 10 ಲಕ್ಷ, ಸಹಾಯಧನ. ನಮ್ಮ ರಾಜ್ಯ ತನ್ನ ಪಾಲು ಸೇರಿಸಿ ಅದನ್ನು ನೂರಕ್ಕೆ 50, 15 ಲಕ್ಷದವರೆಗೆ ಏರಿಸಿತು.

ಬೇಡ ಅನ್ನುವವನು ನಾನಲ್ಲ. ಒಂದು ಟನ್ ಕಬ್ಬಿಗೆ ಸುಮಾರು ಒಂದು ಕ್ವಿಂಟಾಲ್ ಬೆಲ್ಲ ಬರಬೇಕು. ಹಳೇ ಗಾಣ ಸರಿಯಾಗಿ ಹಿಂಡದೆ ರಸವೆಲ್ಲ ಸಿಪ್ಪೆಯ ಜೊತೆ ಒಲೆಗೆ ಹೋಗುತ್ತೆ. ಒಲೆ ಸರಿಯಿಲ್ಲದಿದ್ದರೆ ಸಿಪ್ಪೆಯೂ ಸಾಲದು, ಸೌದೆ ಕೊಳ್ಳಬೇಕು. ಯಂತ್ರ ಬರಲಿ.

ಆದರೆ ಷರತ್ತು ನೋಡಿ. ಸಹಾಯಧನ ಕೈಗೆ ಸಿಗುವ ದುಡ್ಡಲ್ಲ. ಮೊದಲು ಬ್ಯಾಂಕಿನ ಸಾಲ ಆಗಬೇಕು. ಆಮೇಲೆ ಸರ್ಕಾರದ ಹಣ ಅದೇ ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿ ಕೂತಿರುತ್ತೆ. ಮೂರು ವರ್ಷ ಸಾಲ ಸುಸ್ತಿಯಾಗದೆ, ಉದ್ದಿಮೆ ನಿಲ್ಲದೆ ನಡೆದರೆ ಮಾತ್ರ ಸಾಲಕ್ಕೆ ಜಮಾ. ಆ ಮೂರು ವರ್ಷ ಕಂತು ಕಟ್ಟುವುದು ಯಾವುದರಿಂದ? ಬೆಲ್ಲದಿಂದ ತಾನೇ? ಊರೂರಿನ ಆಲೆಮನೆ ಒಟ್ಟಿಗೆ ಹೊಗೆಯಾಡಿದರೆ ಮಾರ್ಕೆಟ್ಟಿನಲ್ಲಿ ಧಾರಣೆ ಕುಸಿಯುತ್ತೆ. ಬೆಲ್ಲಕ್ಕೆ ಬೆಂಬಲ ಬೆಲೆ ಇಲ್ಲ. ಕಂತಿಗೆ ಮಾತ್ರ ತಾರೀಖು ಉಂಟು! ಬೆಳೆ ಸಾಲದ ಪಕ್ಕದಲ್ಲಿ ಇನ್ನೊಂದು ಸಾಲ.

ದೊಡ್ಡವರಿಗೆ ಹೇಗೆ ಮಾಡಿದರು ಗೊತ್ತೇ? ಸಕ್ಕರೆ ಕಾರ್ಖಾನೆಗಳು ಎಥನಾಲ್ ಘಟಕ ಕಟ್ಟಲಿ ಅಂತ 2018ರಲ್ಲಿ ಬಡ್ಡಿಯಲ್ಲಿ ಶೇಕಡ 6 ಅಥವಾ ಅರ್ಧ ಬಡ್ಡಿ, ಯಾವುದು ಕಮ್ಮಿಯೋ ಅದನ್ನು, ಐದು ವರ್ಷ ಹೊರಲು ಕೇಂದ್ರ ಒಪ್ಪಿತು. ಅದರಲ್ಲಿ ಒಂದು ವರ್ಷ ಅಸಲು ಕಟ್ಟುವ ಹಾಗಿಲ್ಲ. ಎಥನಾಲಿಗೆ ದರ ಸರ್ಕಾರವೇ ಗೊತ್ತು ಮಾಡಿತು, ಕೊಳ್ಳಲು ತೈಲ ಕಂಪನಿಗಳನ್ನು ನಿಲ್ಲಿಸಿತು. ಅವರಿಗೆ ಯಂತ್ರದ ಜೊತೆಗೆ ಬೆಲೆಯನ್ನೂ, ಗಿರಾಕಿಯನ್ನೂ ಕೊಟ್ಟರು. ನಮಗೆ ಯಂತ್ರ ಕೊಟ್ಟು ಸಂತೆಗೆ ಬಿಟ್ಟರು. ಕಬ್ಬು ಎರಡೂ ಕಡೆ ನಮ್ಮದೇ ಸ್ವಾಮಿ.

ಇಂಥ ಯಾವ ಯೋಜನೆ ಬಂದರೂ ಅರ್ಜಿ ಹಾಕುವವರು ಹಾಕಿ, ಷರತ್ತನ್ನು ಓದಿಸಿ ಕೇಳಿಕೊಂಡು ಸಹಿ ಮಾಡಿ. ಅಧಿಕಾರಿಗಳು ಊರಿಗೆ ಬಂದಾಗ ಎದ್ದು ನಿಂತು ಕೇಳಿ: ಬೆಲ್ಲಕ್ಕೆ ಇಂತಿಷ್ಟು ಅಂತ ಬೆಲೆ ಕಟ್ಟುತ್ತೀರಾ? ಧಾರಣೆ ಬಿದ್ದ ವರ್ಷ ಕಂತು ಮುಂದೂಡುತ್ತೀರಾ? ಅಂಗನವಾಡಿಗೆ, ಹಾಸ್ಟೆಲುಗಳಿಗೆ ಬೇಕಾದ ಬೆಲ್ಲವನ್ನು ನಮ್ಮ ಆಲೆಮನೆಯಿಂದಲೇ ಕೊಳ್ಳುತ್ತೀರಾ? ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.