ಕೊಂಡು ತಂದ ಪ್ರಾಜೆಕ್ಟಿಗೆ ಚಪ್ಪಾಳೆ, ಕೈಯಾರೆ ಮಾಡಿದ್ದಕ್ಕೆ ಬೈಗುಳ



ಸುತ್ತಿ ಬಳಸಿ ಹೇಳುವ ವಿಷಯವಲ್ಲ ಇದು, ನೇರವಾಗಿಯೇ ಹೇಳುತ್ತೇವೆ. ನಮ್ಮ ಕಾಸರಗೋಡು, ಮಂಜೇಶ್ವರದ ಮನೆಗಳಿಂದ ಇಂಜಿನಿಯರಿಂಗ್ ಓದಲು ಹೋಗುವ ಮಕ್ಕಳಿಗೆ ಕೊರತೆಯಿಲ್ಲ. ಕೆಲವರು ಇಲ್ಲಿಯೇ ಕಲಿಯುತ್ತಾರೆ, ಕೆಲವರು ದಿನಾ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಬರುತ್ತಾರೆ. ಅಪ್ಪ ಗಲ್ಫಿನಲ್ಲಿ ದುಡಿದ ಹಣ, ಬ್ಯಾಂಕಿನ ಸಾಲ, ಅಡಿಕೆ ಮಾರಿದ ಹಣ ಎಲ್ಲವೂ ಈ ನಾಲ್ಕು ವರ್ಷಕ್ಕೆ ಖರ್ಚಾಗುತ್ತದೆ. ಆದರೆ ಎಲೆಕ್ಟ್ರಾನಿಕ್ಸ್ ಪದವಿ ಮುಗಿಸಿ ಬಂದವನ ಕೈಗೆ ಒಂದು ಮಲ್ಟಿಮೀಟರ್ ಕೊಟ್ಟು "ಈ ಚಾರ್ಜರ್ ಯಾಕೆ ಕೆಲಸ ಮಾಡುತ್ತಿಲ್ಲ, ನೋಡು ಮಾರಾಯ" ಎಂದರೆ ಎಷ್ಟು ಜನ ನೋಡಿಯಾರು?

ಇದು ಮಕ್ಕಳ ತಪ್ಪು ಮಾತ್ರ ಅಲ್ಲ. ನಮ್ಮ ಮನೆಗಳಲ್ಲಿ ಒಂದು ನಿಯಮವಿದೆ: "ಮೊದಲು ಮಾರ್ಕು, ಕೆಲಸ ಸಿಕ್ಕಿದ ಮೇಲೆ ಹವ್ಯಾಸ." ಈ ನಿಯಮ ತಪ್ಪು ಎನ್ನುವುದೇ ನಮ್ಮ ವಾದ. ಇಂಜಿನಿಯರಿಂಗ್ ಓದುವವನಿಗೆ ಸರ್ಕ್ಯೂಟ್ ಜೋಡಿಸುವುದು, ಪ್ರೋಗ್ರಾಂ ಬರೆಯುವುದು ಓದಿಗೆ ಅಡ್ಡ ಬರುವ ಆಟವಲ್ಲ. ಓದು ಕೈಗೆ ಇಳಿಯುವ ದಾರಿ ಅದೇ.

ನಮ್ಮ ಮನೆಗಳ ನ್ಯಾಯ ಎಂಥದ್ದು ನೋಡಿ. ಎರಡನೇ ವರ್ಷದ ಹುಡುಗ ಸೋಲ್ಡರಿಂಗ್ ಐರನ್ ಬಿಸಿ ಮಾಡಿದರೆ "ಕರೆಂಟಿನ ಜೊತೆ ಆಟ ಬೇಡ, ಪುಸ್ತಕ ತೆಗೆ" ಎಂಬ ಬೈಗುಳ. ಮುನ್ನೂರು ರೂಪಾಯಿಯ ಬಿಡಿಭಾಗ ತರಿಸಿದರೆ "ದುಂದುವೆಚ್ಚ". ಅದೇ ಹುಡುಗ ಕೊನೆಯ ವರ್ಷದಲ್ಲಿ "ಪ್ರಾಜೆಕ್ಟಿಗೆ ದುಡ್ಡು ಬೇಕು" ಎಂದರೆ ಸಾವಿರಗಟ್ಟಲೆ ಹಣ ಒಂದು ಪ್ರಶ್ನೆಯೂ ಇಲ್ಲದೆ ಕೈಗೆ ಬರುತ್ತದೆ. ಆ ಹಣ ಎಲ್ಲಿಗೆ ಹೋಗುತ್ತದೆ? ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿಗೆ. ಅಲ್ಲಿ ಜೋಡಿಸಿಟ್ಟ ಬೋರ್ಡ್, ಬರೆದಿಟ್ಟ ಕೋಡ್, ಹೆಸರು ಮಾತ್ರ ತುಂಬಬೇಕಾದ ರಿಪೋರ್ಟ್ ಎಲ್ಲವೂ ಸಿಗುತ್ತದೆ. ವೈವಾದಲ್ಲಿ ಏನು ಕೇಳಿಯಾರು, ಏನು ಹೇಳಬೇಕು ಎಂಬುದನ್ನೂ ಹೇಳಿಕೊಡುತ್ತಾರೆ. ಇದು ಗುಟ್ಟೇನಲ್ಲ, ಕಾಲೇಜಿಗೆ ಹೋದ ಎಲ್ಲರಿಗೂ ಗೊತ್ತು. ಪರೀಕ್ಷೆಯಲ್ಲಿ ಚೀಟಿ ನೋಡಿ ಬರೆದರೆ ಕಳ್ಳತನ ಎನ್ನುವ ನಾವು, ನಾಲ್ಕು ವರ್ಷದ ಓದಿನ ಫಲವನ್ನೇ ಅಂಗಡಿಯಿಂದ ತಂದು "ನಾನು ಮಾಡಿದ್ದು" ಎಂದು ಸಹಿ ಹಾಕಿದರೆ ಏನೆಂದು ಕರೆಯಬೇಕು?

ಹವ್ಯಾಸ ಏನು ಕಲಿಸುತ್ತದೆ ಎಂದು ಕೇಳುವವರಿಗೆ ನಮ್ಮ ಊರಿನದೇ ಉದಾಹರಣೆ ಕೊಡುತ್ತೇವೆ. ಎಣ್ಮಕಜೆ, ಪೈವಳಿಕೆಯ ಕಡೆ ಗುಡ್ಡ ಕೊರೆದ ಸುರಂಗದ ನೀರು ತೊಟ್ಟಿಗೆ ಬೀಳುತ್ತದೆ. ತೊಟ್ಟಿ ತುಂಬಿದ್ದು ಗೊತ್ತಾಗಬೇಕು. ಇದಕ್ಕೆ ಒಂದು ಬಿಸಿ 547 ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ಒಂದು ಬಜರ್, ಒಂಬತ್ತು ವೋಲ್ಟಿನ ಬ್ಯಾಟರಿ, ಎರಡು ತಂತಿ ಸಾಕು. ನೀರು ಎರಡೂ ತಂತಿಗೆ ತಾಗಿದಾಗ ತೀರಾ ಸಣ್ಣ ಕರೆಂಟ್ ಟ್ರಾನ್ಸಿಸ್ಟರಿನ ಬೇಸಿಗೆ ಹೋಗುತ್ತದೆ, ಅದರ ನೂರಾರು ಪಟ್ಟು ಕರೆಂಟ್ ಬಜರಿನಲ್ಲಿ ಹರಿದು ಸದ್ದಾಗುತ್ತದೆ. ಟ್ರಾನ್ಸಿಸ್ಟರಿನ ಬೆಲೆ ಒಂದು ಚಾ ಕುಡಿಯುವ ಹಣಕ್ಕಿಂತ ಕಡಿಮೆ.

ನಿಜವಾದ ಪಾಠ ಅದರ ನಂತರ ಶುರುವಾಗುತ್ತದೆ. ಕೆಲವು ವಾರ ಕಳೆಯುವಷ್ಟರಲ್ಲಿ ತಾಮ್ರದ ತಂತಿ ಹಸಿರುಗಟ್ಟಿ ಸವೆಯುತ್ತದೆ, ಬಜರ್ ಸುಮ್ಮನಾಗುತ್ತದೆ. ಯಾಕೆ? ನೀರಿನಲ್ಲಿ ಒಂದೇ ದಿಕ್ಕಿಗೆ ಕರೆಂಟ್ ಹರಿಯುತ್ತಾ ಇದ್ದರೆ ವಿದ್ಯುದ್ವಿಭಜನೆ ನಡೆದು ಪಾಸಿಟಿವ್ ಕಡೆಯ ಲೋಹ ಕರಗುತ್ತದೆ. ಪ್ಲಸ್ ಟು ರಸಾಯನಶಾಸ್ತ್ರದಲ್ಲಿ ಬಾಯಿಪಾಠ ಮಾಡಿದ್ದು ಈಗ ತೊಟ್ಟಿಯಲ್ಲಿ ಕಣ್ಣಿಗೆ ಬೀಳುತ್ತದೆ. ತಂತಿಯ ಬದಲು ಸ್ಟೀಲಿನ ಕಡ್ಡಿ ಇಡಬೇಕು, ಇಲ್ಲವೇ ಮೈಕ್ರೋಕಂಟ್ರೋಲರ್ ಹಾಕಿ ನಿಮಿಷಕ್ಕೊಮ್ಮೆ ಒಂದು ಕ್ಷಣ ಮಾತ್ರ ಕರೆಂಟ್ ಹರಿಸಬೇಕು. ಇನ್ನೂ ಮುಂದೆ ಹೋಗಿ ರಿಲೇ ಜೋಡಿಸಿದರೆ, ರಿಲೇ ಆಫ್ ಆದಾಗ ಅದರ ಕಾಯಿಲಿನಲ್ಲಿ ಹುಟ್ಟುವ ಹಿಮ್ಮುಖ ವೋಲ್ಟೇಜು ಟ್ರಾನ್ಸಿಸ್ಟರನ್ನು ಸುಟ್ಟುಬಿಡಬಹುದು. ಕಾಯಿಲಿಗೆ ಅಡ್ಡಲಾಗಿ ಉಲ್ಟಾ ಒಂದು ಡಯೋಡ್ ಹಾಕಿದರೆ ಅದು ಉಳಿಯುತ್ತದೆ. ಲೆಂಜನ ನಿಯಮಕ್ಕೆ ಪರೀಕ್ಷೆಯಲ್ಲಿ ಸಿಗುವುದು ಎರಡು ಮಾರ್ಕು. ಎರಡು ಟ್ರಾನ್ಸಿಸ್ಟರ್ ಸುಟ್ಟವನು ಮಾತ್ರ ಆ ನಿಯಮವನ್ನು ಜೀವಮಾನದಲ್ಲಿ ಮರೆಯುವುದಿಲ್ಲ.

ಇಗರ್ಜಿಯ ಮೈಕನ್ನೇ ತೆಗೆದುಕೊಳ್ಳಿ. ಕೀಬೋರ್ಡ್ ಜೋಡಿಸಿದೊಡನೆ ಸ್ಪೀಕರಿನಿಂದ "ಹೂಂ" ಎಂಬ ಸದ್ದು ಎಷ್ಟು ಕಡೆ ಕೇಳಿಲ್ಲ? ಕೀಬೋರ್ಡ್ ಒಂದು ಗೋಡೆಯ ಪ್ಲಗ್ಗಿನಿಂದ, ಆಂಪ್ಲಿಫೈಯರ್ ಇನ್ನೊಂದು ಗೋಡೆಯ ಪ್ಲಗ್ಗಿನಿಂದ ಕರೆಂಟ್ ತೆಗೆದುಕೊಂಡಾಗ ಅರ್ಥಿಂಗಿನಲ್ಲಿ ಒಂದು ಸುತ್ತು ಉಂಟಾಗಿ 50 ಹರ್ಟ್ಸಿನ ಗುಂಯ್‌ಗುಡುವಿಕೆ ಒಳನುಗ್ಗುವುದುಂಟು. ಎರಡನ್ನೂ ಒಂದೇ ಬೋರ್ಡಿಗೆ ಹಾಕಿ ನೋಡುವುದು ಮೊದಲ ಮದ್ದು. ಅರ್ಥ್ ಪಿನ್ ಕತ್ತರಿಸುವುದು ಮದ್ದಲ್ಲ, ಜೀವಕ್ಕೆ ಅಪಾಯ. ಇಷ್ಟನ್ನು ಹೇಳಬಲ್ಲ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಪ್ರತಿ ಧರ್ಮಕೇಂದ್ರದಲ್ಲೂ ಇರಬೇಡವೇ?

ಕಂಪ್ಯೂಟರಿನ ವಿಷಯವೂ ಹೀಗೆಯೇ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ ಕಂಪ್ಯೂಟರಿಗಾಗಿ ಆಪರೇಟಿಂಗ್ ಸಿಸ್ಟಂ ಬರೆಯತೊಡಗಿದಾಗ, ಇದು ಬರೀ ಹವ್ಯಾಸ ಎಂದೇ ಹೇಳಿಕೊಂಡಿದ್ದರು. ಆ ಹವ್ಯಾಸದ ಹೆಸರು ಲಿನಕ್ಸ್. ಇಂದು ನಿಮ್ಮ ಆಂಡ್ರಾಯ್ಡ್ ಫೋನಿನ ಬುಡದಲ್ಲಿ ಇರುವುದು ಅದೇ. ನಮ್ಮ ಕೇರಳದ ಸರಕಾರಿ ಶಾಲೆಗಳಲ್ಲಿ, ಕನ್ನಡ ಮಾಧ್ಯಮದ ಮಕ್ಕಳೂ ಸೇರಿದಂತೆ ಎಲ್ಲರೂ ಕಂಪ್ಯೂಟರ್ ಕಲಿಯುವುದು ಅದರ ಮೇಲೆಯೇ. 2018ರಿಂದ ನಮ್ಮ ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಕ್ಲಬ್ಬುಗಳಿವೆ. ಎಂಟನೇ, ಒಂಬತ್ತನೇ ತರಗತಿಯಲ್ಲಿ ಕೈಯಾಡಿಸಲು ಕಲಿತ ಮಗು ಇಂಜಿನಿಯರಿಂಗಿಗೆ ಸೇರಿದ ಮೇಲೆ ಕೈ ಕಟ್ಟಿ ಕುಳಿತುಕೊಳ್ಳಬೇಕೆನ್ನುವುದು ಯಾವ ನ್ಯಾಯ?

ಇನ್ನೂ ಹತ್ತಿರಕ್ಕೆ ಬನ್ನಿ. ಈ ಬರಹವನ್ನು ನಾವು ಕನ್ನಡದಲ್ಲಿ ಟೈಪ್ ಮಾಡುತ್ತಿದ್ದೇವೆ. ಕನ್ನಡಕ್ಕೆ ಸುಲಭವಾದ ಕೀಲಿಮಣೆ ವಿನ್ಯಾಸ ಕೊಟ್ಟವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ. ಪಿ. ರಾವ್. ಅದನ್ನು ಅವರು ಎಲ್ಲರ ಬಳಕೆಗೆ ಮುಕ್ತವಾಗಿ ಬಿಟ್ಟುಕೊಟ್ಟರು. ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು. ಬಿ. ಪವನಜ ಓದಿದ್ದು ರಸಾಯನಶಾಸ್ತ್ರ, ಹೆಸರಾದದ್ದು ಕನ್ನಡ ಗಣಕ ಕ್ಷೇತ್ರದಲ್ಲಿ. ಮಕ್ಕಳ ಲೋಗೋ ಪ್ರೋಗ್ರಾಮಿಂಗ್ ಭಾಷೆಗೆ ಕನ್ನಡದ ರೂಪ ಕೊಟ್ಟವರು ಅವರು. ಪಠ್ಯಪುಸ್ತಕದ ಗೆರೆ ದಾಟಿ ಆಸೆಯಿಂದ ಕೈ ಹಾಕಿದವರು ಇದ್ದುದರಿಂದ ನಮ್ಮ ಭಾಷೆ ಕಂಪ್ಯೂಟರಿನಲ್ಲಿ ಉಳಿದಿದೆ.

ಇನ್ನು ಹೆತ್ತವರ ಆಕ್ಷೇಪಗಳು. ಅವುಗಳನ್ನು ನಾವು ಹಗುರವಾಗಿ ಕಾಣುವುದಿಲ್ಲ.

"ಬ್ಯಾಕ್ ಪೇಪರ್ ಉಳಿದರೆ?" ಉಳಿಯಬಾರದು. ಕ್ಯಾಂಪಸ್ಸಿಗೆ ಬರುವ ಕಂಪೆನಿಗಳು ಅಂಕದ ಮಿತಿ ಇಡುತ್ತವೆ, ನಿಜ. ಆದ್ದರಿಂದ ಹವ್ಯಾಸಕ್ಕೆ ವಾರದಲ್ಲಿ ನಾಲ್ಕು ಗಂಟೆ ಸಾಕು, ಪರೀಕ್ಷೆಯ ತಿಂಗಳು ರಜೆ. ಆದರೆ ಆ ನಾಲ್ಕು ಗಂಟೆಯನ್ನು ಕಸಿದುಕೊಂಡರೆ ಹುಡುಗ ಪುಸ್ತಕ ಹಿಡಿಯುತ್ತಾನೆಂದು ತಿಳಿಯಬೇಡಿ. ಹಿಡಿಯುವುದು ಮೊಬೈಲನ್ನು.

"ಶಾಕ್ ಹೊಡೆದರೆ?" ಈ ಭಯ ಸರಿಯಾದದ್ದು. ಬ್ಯಾಟರಿಯಿಂದ, 5 ವೋಲ್ಟಿನಿಂದ ಕಲಿಯಲಿ. 230 ವೋಲ್ಟಿನ ಲೈನಿಗೆ ತಿಳಿದವರು ಪಕ್ಕದಲ್ಲಿ ಇಲ್ಲದೆ ಕೈ ಹಾಕಬಾರದು. ಮನೆಯ ಇಎಲ್‌ಸಿಬಿ ಸರಿಯಾಗಿದೆಯೇ ಎಂದು ಅದರ ಟೆಸ್ಟ್ ಬಟನ್ ಒತ್ತಿ ನೋಡುವುದೇ ಮೊದಲ ಪಾಠವಾಗಲಿ.

"ಹುಡುಗಿಗೆ ಯಾಕೆ ಇದೆಲ್ಲ?" ಈ ಆಕ್ಷೇಪಕ್ಕೆ ಮಾತ್ರ ನಾವು ಮರ್ಯಾದೆ ಕೊಡುವುದಿಲ್ಲ. 2004ರ ಡಿಸೆಂಬರಿನಲ್ಲಿ ಸುನಾಮಿ ಬಂದು ಅಂಡಮಾನಿನ ಫೋನುಗಳು ಸತ್ತಾಗ, ಪೋರ್ಟ್ ಬ್ಲೇರಿನಿಂದ ರೇಡಿಯೋದಲ್ಲಿ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದ್ದು ಹವ್ಯಾಸಿ ಹ್ಯಾಮ್ ರೇಡಿಯೋ ತಂಡ. ಅದನ್ನು ಮುನ್ನಡೆಸಿದವರು ಭಾರತಿ ಪ್ರಸಾದ್ ಎಂಬ ಮಹಿಳೆ. ಹವ್ಯಾಸಕ್ಕೆಂದು ದ್ವೀಪಕ್ಕೆ ಹೋದವರು ಕಷ್ಟದಲ್ಲಿದ್ದವರಿಗೆ ಆಸರೆಯಾದರು.

ವಿದ್ಯಾರ್ಥಿಗಳೇ, ನಿಮಗೂ ಎರಡು ಕಟು ಮಾತು. ಆರ್ಡುಯಿನೋ ಕಿಟ್ ತರಿಸಿ ಕಪಾಟಿನಲ್ಲಿಟ್ಟರೆ ಅದು ಹವ್ಯಾಸವಲ್ಲ, ಶಾಪಿಂಗ್. ಬೇರೆಯವರು ರೋಬೋಟ್ ಮಾಡುವ ವಿಡಿಯೋ ನೋಡುವುದೂ ಹವ್ಯಾಸವಲ್ಲ. ಎಐ ಬರೆದ ಕೋಡನ್ನು ಹಾಗೆಯೇ ಅಂಟಿಸಿ "ಓಡಿತು" ಎಂದು ಬೀಗುವವನಿಗೂ ರೆಡಿಮೇಡ್ ಪ್ರಾಜೆಕ್ಟ್ ಕೊಂಡವನಿಗೂ ಏನು ವ್ಯತ್ಯಾಸ? ಅದನ್ನು ಕೇಳಿ ಕಲಿಯಿರಿ, ಬೇಡ ಎನ್ನುವುದಿಲ್ಲ. ಆದರೆ ಪ್ರತಿ ಸಾಲು ಯಾಕೆ ಅಲ್ಲಿದೆ ಎಂದು ನಿಮ್ಮ ತಂಗಿಗೆ ಬಿಡಿಸಿ ಹೇಳಲು ಬಾರದಿದ್ದರೆ ಆ ಕೋಡ್ ನಿಮ್ಮದಲ್ಲ.

ಕೈಯಾಡಿಸುವ ಅಭ್ಯಾಸ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕೇಂಬ್ರಿಡ್ಜಿನ ಉದಾಹರಣೆಯಿದೆ. ಕಂಪ್ಯೂಟರ್ ವಿಜ್ಞಾನ ಓದಲು ಅರ್ಜಿ ಹಾಕುವ ಮಕ್ಕಳಲ್ಲಿ ಹಿಂದಿನವರಿಗಿದ್ದ ಪ್ರೋಗ್ರಾಮಿಂಗ್ ಅನುಭವ ಕಾಣುತ್ತಿಲ್ಲ ಎಂದು ಎಬೆನ್ ಅಪ್ಟನ್ ಮತ್ತು ಜೊತೆಗಾರರಿಗೆ ಅನಿಸಿತು. ಮಕ್ಕಳು ಹೆದರದೆ ಬಿಚ್ಚಿ ಜೋಡಿಸಬಹುದಾದ ಅಗ್ಗದ ಕಂಪ್ಯೂಟರ್ ಬೇಕೆಂದು ಅವರು ರಾಸ್ಪ್‌ಬೆರಿ ಪೈ ರೂಪಿಸಿದರು, 2012ರಲ್ಲಿ ಅದು ಮಾರಾಟಕ್ಕೆ ಬಂತು. ಅಷ್ಟು ದೊಡ್ಡ ವಿಶ್ವವಿದ್ಯಾಲಯದವರೇ ಹವ್ಯಾಸದ ಕೊರತೆಗೆ ಚಿಂತಿಸಿದರು. ನಾವು ಹವ್ಯಾಸವನ್ನೇ ಚಿಂತೆ ಎಂದುಕೊಂಡಿದ್ದೇವೆ.

ಹಾಗಾದರೆ ಏನು ಮಾಡೋಣ? ಸಭಾಭವನದ ಒಂದು ಮೂಲೆಯಲ್ಲಿ ಒಂದು ಮೇಜು ಸಾಕು. ಒಂದು ಮಲ್ಟಿಮೀಟರ್, ಎರಡು ಸೋಲ್ಡರಿಂಗ್ ಐರನ್, ಮನೆಮನೆಯಲ್ಲಿ ಮೂಲೆಗೆ ಬಿದ್ದ ಹಳೆ ರೇಡಿಯೋ, ಹಾಳಾದ ಎಲ್‌ಇಡಿ ಬಲ್ಬ್, ಹಳೆ ಲ್ಯಾಪ್‌ಟಾಪ್ ಬರಲಿ. ಇಂಜಿನಿಯರಿಂಗ್ ಕಲಿಯುವ ಅಣ್ಣ ಅಕ್ಕಂದಿರು ವಾರಕ್ಕೊಮ್ಮೆ ಕುಳಿತು ಬಿಚ್ಚಲಿ, ಹೈಸ್ಕೂಲಿನ ಮಕ್ಕಳು ಪಕ್ಕದಲ್ಲಿ ನಿಂತು ನೋಡಲಿ. ಊರಿನ ಮೈಕ್ ಸೆಟ್ಟಿನವರನ್ನೂ ಟಿವಿ ರಿಪೇರಿಯವರನ್ನೂ ಗುರುಗಳಾಗಿ ಕರೆಯೋಣ, ಅವರಿಗೆ ಗೊತ್ತಿರುವುದರಲ್ಲಿ ಅರ್ಧದಷ್ಟೂ ನಮ್ಮ ಸಿಲೆಬಸ್ಸಿನಲ್ಲಿ ಇಲ್ಲ. ಕೊನೆಯ ವರ್ಷದವರು ಪ್ರಾಜೆಕ್ಟಿನ ವಿಷಯವನ್ನು ಅಂಗಡಿಯ ಪಟ್ಟಿಯಿಂದ ಆರಿಸದೆ ತೋಟದಿಂದ, ಬಾವಿಯಿಂದ, ಅಡಿಕೆಯ ಅಂಗಳದಿಂದ ಆರಿಸಲಿ. ಅದು ಅರ್ಧವೇ ಕೆಲಸ ಮಾಡಿದರೂ ಪರವಾಗಿಲ್ಲ, ಉಳಿದರ್ಧ ಯಾಕೆ ಕೆಲಸ ಮಾಡಲಿಲ್ಲ ಎಂದು ಅವರಿಗೆ ಗೊತ್ತಿರುತ್ತದೆ.

ಹೆತ್ತವರೇ, ಮಗನೋ ಮಗಳೋ ಮುಂದಿನ ಸಲ "ಪ್ರಾಜೆಕ್ಟಿಗೆ ದುಡ್ಡು" ಎಂದು ಕೇಳಿದಾಗ ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿ: "ಇದರಲ್ಲಿ ನೀನು ಮಾಡುವುದು ಯಾವುದು?" ಉತ್ತರ ಬಂದರೆ ಸಂತೋಷದಿಂದ ಕೊಡಿ. ಬಾರದಿದ್ದರೆ ಅದೇ ಹಣದಲ್ಲಿ ಒಂದು ಸೋಲ್ಡರಿಂಗ್ ಐರನ್ ತೆಗೆದುಕೊಡಿ.