ಅತ್ತಿಮಬ್ಬೆ: ಪ್ರಶಸ್ತಿಗೆ ಬೇಕು, ತೊಟ್ಟಿಲಿಗೆ ಬೇಡವೇ?

ಅತ್ತಿಮಬ್ಬೆಯ ಹೆಸರನ್ನು ಕೇಳದ ಅಕ್ಷರಸ್ಥರು ಕನ್ನಡ ನಾಡಿನಲ್ಲಿ ವಿರಳ. ರಾಜ್ಯ ಸರ್ಕಾರ ಲೇಖಕಿಯರಿಗೆ ನೀಡುವ ಪ್ರಶಸ್ತಿಗೆ ಆಕೆಯ ಹೆಸರಿದೆ. ಜೈನ ಮಹಿಳಾ ಸಮಾಜಗಳ ಸಮಾರಂಭಗಳಲ್ಲಿ ಆಕೆಯನ್ನು ಸ್ಮರಿಸದೆ ಭಾಷಣ ಮುಗಿಯುವುದಿಲ್ಲ. ಆದರೆ ಆ ಹೆಸರನ್ನು ಹೊತ್ತ ಹೆಣ್ಣುಮಕ್ಕಳು ನಮ್ಮ ನಡುವೆ ಎಷ್ಟು ಮಂದಿ ಇದ್ದಾರೆ? ಮೂರು ದಶಕಗಳ ಸಮೀಪಕ್ಕೆ ಬಂದಿರುವ ನನ್ನ ಅಧ್ಯಾಪನ ವೃತ್ತಿಯಲ್ಲಿ, ಹಾಜರಿ ಪುಸ್ತಕದಿಂದ ಆ ಹೆಸರನ್ನು ಓದುವ ಭಾಗ್ಯ ನನಗೆ ಒಮ್ಮೆಯೂ ಒದಗಿಲ್ಲ. ವೇದಿಕೆಯ ಮೇಲೆ ಕೊಂಡಾಡುವುದು, ಮನೆಯೊಳಗೆ ಒಲ್ಲೆನೆನ್ನುವುದು: ಈ ಇಬ್ಬಗೆಯ ನಡೆಯನ್ನು ಪ್ರಶ್ನಿಸಬೇಕಾಗಿದೆ.

ಈ ಹೆಸರನ್ನು ಮಗುವಿಗೆ ಇಡಬಹುದಲ್ಲವೇ ಎಂದು ಕೇಳಿದಾಗಲೆಲ್ಲ ನನಗೆ ದೊರೆತ ಉತ್ತರಗಳು ಮುಖ್ಯವಾಗಿ ನಾಲ್ಕು. ಅದಕ್ಕೆ ಅರ್ಥವಿಲ್ಲ, ಅದು ಮುದುಕಿಯರ ಹೆಸರು, ಅದರಲ್ಲಿ ಧರ್ಮದ ಸೊಗಡಿಲ್ಲ, ಇಂದಿನ ಕಾಲಕ್ಕೆ ಅದು ಒರಟು. ಇವನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲು ಅರ್ಥದ ಮಾತು. 'ಅಬ್ಬೆ' ಎಂದರೆ ತಾಯಿ. ಇದು ಅಚ್ಚಕನ್ನಡ ಶಬ್ದ. ಹವ್ಯಕರ ಮನೆಗಳಲ್ಲಿ ಇಂದಿಗೂ ತಾಯಿಯನ್ನು ಅಬ್ಬೆ ಎಂದೇ ಕರೆಯುತ್ತಾರೆ. ಇದೇ ಶಬ್ದ ಅವ್ವೆಯಾಗಿ, ಅವ್ವಳಾಗಿ ಉತ್ತರ ಕರ್ನಾಟಕದ ಮನೆಮನೆಯಲ್ಲಿ ಉಳಿದಿದೆ. ತಮಿಳಿನ ಔವೈಯಾರ್ ಎಂಬ ಹೆಸರಿನಲ್ಲಿರುವುದೂ ಇದರ ಬಳಗದ ಶಬ್ದವೇ. ಪ್ರಾಚೀನ ಕನ್ನಡಿಗರು ಪುರುಷರ ಹೆಸರಿಗೆ 'ಅಯ್ಯ'ವನ್ನೂ ಸ್ತ್ರೀಯರ ಹೆಸರಿಗೆ 'ಅಬ್ಬೆ'ಯನ್ನೂ ಗೌರವದಿಂದ ಸೇರಿಸುತ್ತಿದ್ದರು. ಅತ್ತಿಮಬ್ಬೆಯ ಮನೆತನವನ್ನೇ ನೋಡಿ: ಅಜ್ಜ ನಾಗಮಯ್ಯ, ತಂದೆ ಮಲ್ಲಪಯ್ಯ, ಚಿಕ್ಕಪ್ಪ ಪುನ್ನಮಯ್ಯ, ತಂಗಿ ಗುಂಡಮಬ್ಬೆ. ನಾಗಮ, ಪುನ್ನಮ, ಗುಂಡಮ, ಅತ್ತಿಮ ಎಂಬ ಒಂದೇ ಅಚ್ಚಿನ ರೂಪಗಳಿಗೆ ಅಯ್ಯ, ಅಬ್ಬೆಗಳು ಸೇರಿ, ಲೋಪಸಂಧಿಯಾಗಿ ಈ ಹೆಸರುಗಳು ಸಿದ್ಧವಾಗಿವೆ.

'ಅತ್ತಿಯಬ್ಬೆ' ಎಂಬ ರೂಪವೂ ಬಳಕೆಯಲ್ಲಿದೆ. ಅಲ್ಲಿ ಮಕಾರವಿಲ್ಲ, ಯಕಾರಾಗಮವಿದೆ. ಹಾಗಾದರೆ ಹೆಸರಿನ ತಿರುಳು 'ಅತ್ತಿ' ಎಂಬುದು ಸ್ಪಷ್ಟ. ಅತ್ತಿ ನಮ್ಮ ನೆಲದ ಮರ, ಸಂಸ್ಕೃತದ ಔದುಂಬರ. ಹೆಸರಿನ ಕನ್ನಡತನ ಕಣ್ಣಿಗೆ ಹೊಡೆಯುವಂತಿರುವಾಗ, ಸಭೆಯೊಂದರಲ್ಲಿ ಭಾಷಣಕಾರರೊಬ್ಬರು 'ಅತಿ ಮಹಿಮೆಯುಳ್ಳ ಅಬ್ಬೆಯೇ ಅತ್ತಿಮಬ್ಬೆ' ಎಂದು ವಿವರಿಸಿದರು. ಸಭಿಕರು ಚಪ್ಪಾಳೆ ತಟ್ಟಿದರು. ಮಹಿಮೆ ಆಕೆಯ ಬದುಕಿನಲ್ಲಿತ್ತು, ನಿಜ. ಅದನ್ನು ವ್ಯಾಕರಣದೊಳಕ್ಕೆ ತುರುಕುವ ಅಗತ್ಯವಿಲ್ಲ. 'ಅತಿ'ಯ ಒಂಟಿ ತಕಾರ ಇಲ್ಲಿ ಒತ್ತಕ್ಷರವಾದದ್ದು ಹೇಗೆ? 'ಅತ್ತಿಯಬ್ಬೆ' ಎಂಬಲ್ಲಿ ಆ ಮಹಿಮೆ ಎಲ್ಲಿ ಹೋಯಿತು? ಇವಕ್ಕೆ ಆ ನಿರ್ವಚನದಲ್ಲಿ ಉತ್ತರವಿಲ್ಲ. ಹೆಸರನ್ನು 'ಅತ್ತಿಮಾಂಬಾ' ಎಂದು ತಿದ್ದಿ ಬರೆಯುವವರ ಹಿಂದಿರುವುದೂ ಇದೇ ಕೀಳರಿಮೆ. ಕನ್ನಡದ ಹೆಸರು ಸಂಸ್ಕೃತದ ಉಡುಗೆ ತೊಟ್ಟರೆ ಮಾತ್ರ ಮರ್ಯಾದೆ ಎಂಬ ಭ್ರಮೆ ಅದು.

ಎರಡನೆಯ ಆಕ್ಷೇಪ ಮೇಲುನೋಟಕ್ಕೆ ಸರಿಯೆನಿಸುತ್ತದೆ. ತಾಯಿ ಎಂಬ ಅರ್ಥದ ಶಬ್ದವನ್ನು ಹಸುಗೂಸಿಗೆ ಇಡುವುದು ಹೇಗೆ? ಈ ಪ್ರಶ್ನೆಗೆ ಒಂದು ಸಾವಿರ ವರ್ಷಗಳ ಹಿಂದೆಯೇ ಉತ್ತರ ದೊರೆತಿದೆ. ಕೊಟ್ಟವನು ಕವಿಚಕ್ರವರ್ತಿ ರನ್ನ. ಮುದುವೊಳಲಿನ ಬಳೆಗಾರ ಕುಲದಲ್ಲಿ ಹುಟ್ಟಿದ ಈ ಕವಿಗೆ ಆಶ್ರಯವಿತ್ತವರಲ್ಲಿ ಇಬ್ಬರು ಪ್ರಮುಖರು: ಗಂಗರ ಚಾವುಂಡರಾಯ ಮತ್ತು ಚಾಲುಕ್ಯ ರಾಜ್ಯದ ಅತ್ತಿಮಬ್ಬೆ. ರನ್ನ ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟ. ಆಕೆಯ ಪ್ರೇರಣೆಯಿಂದ 993ರಲ್ಲಿ ಅಜಿತಪುರಾಣವನ್ನು ಬರೆದು ಋಣ ತೀರಿಸಿದ ಕವಿಗೆ ಅಷ್ಟು ಸಾಲದೆನಿಸಿರಬೇಕು. ಕಾವ್ಯದ ಋಣ ಕಾವ್ಯದಿಂದ ತೀರಿತು. ಬದುಕಿನ ಋಣಕ್ಕೆ ಮಗಳ ಹೆಸರೇ ಬೇಕಾಯಿತು. ರನ್ನನ ಮನೆಯ ಆ ಹುಡುಗಿಯನ್ನು ದಿನಕ್ಕೆ ಹತ್ತು ಬಾರಿ ಕೂಗಿ ಕರೆದಾಗಲೆಲ್ಲ ಕೃತಜ್ಞತೆಯೊಂದು ಉಚ್ಚಾರಣೆಯಾಗುತ್ತಿತ್ತು. ರನ್ನನಿಗೆ ಮುದುಕಿಯ ಹೆಸರೆನಿಸದ್ದು ನಮಗೇಕೆ ಹಾಗೆನಿಸಬೇಕು?

ಆ ಕಾಲದಲ್ಲಿ ಇಂಥ ಹೆಸರುಗಳು ಅಪರೂಪವಾಗಿರಲಿಲ್ಲ. ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ. ಹತ್ತನೆಯ ಶತಮಾನದ ಆರಂಭದಲ್ಲಿ ನಾಗರಖಂಡ ಎಪ್ಪತ್ತರ ಆಡಳಿತವನ್ನು ಗಂಡನ ಮರಣಾನಂತರ ಸಮರ್ಥವಾಗಿ ನಡೆಸಿ, ಕೊನೆಗೆ ಸಲ್ಲೇಖನದಿಂದ ಮುಡಿಪಿದವಳು ಜಕ್ಕಿಯಬ್ಬೆ. ಗಂಡನೊಡನೆ ಬಗೆಯೂರಿನ ಕಾಳಗಕ್ಕಿಳಿದು ಮಡಿದು, ಶ್ರವಣಬೆಳಗೊಳದ ಕಲ್ಲಿನಲ್ಲಿ ಕುದುರೆಯೇರಿ ಕತ್ತಿ ಹಿಡಿದು ನಿಂತವಳು ಸಾವಿಯಬ್ಬೆ. ಹೊಯ್ಸಳ ಶಾಂತಲೆಯ ತಾಯಿ ಮಾಚಿಕಬ್ಬೆ. ಆಳಿದವಳು, ಕಾದಿದವಳು, ಕವಿಯನ್ನು ಹೆತ್ತವಳು, ರಾಣಿಯನ್ನು ಹೆತ್ತವಳು, ಎಲ್ಲರೂ ಅಬ್ಬೆಯರೇ.

ಮೂರನೆಯದು ಧರ್ಮದ ಆಕ್ಷೇಪ. ಜೈನ ಮಗುವಿಗೆ ಜಿನನಾಮವೋ ಶಾಸ್ತ್ರೋಕ್ತ ನಾಮವೋ ಇರಬೇಕಲ್ಲವೇ ಎಂದು ಕೆಲವು ಹಿರಿಯರು ಕೇಳುತ್ತಾರೆ. ಅವರ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಆದರೆ ಜಿನಸೇನಾಚಾರ್ಯರ ಆದಿಪುರಾಣದ ನಾಮಕರ್ಮ ಪ್ರಕರಣವನ್ನು ಪೂರ್ತಿಯಾಗಿ ಓದಬೇಕು. ವಂಶಕ್ಕೆ ಏಳ್ಗೆ ತರುವ ಪ್ರಶಸ್ತವಾದ ಹೆಸರನ್ನಿಡಬೇಕೆಂದು ಹೇಳಿ, ಜಿನರ 1008 ನಾಮಗಳಿಂದ ಒಂದನ್ನು ಆರಿಸಿಕೊಳ್ಳುವುದನ್ನು ಅಲ್ಲಿ ವಿಕಲ್ಪವಾಗಿ ಸೂಚಿಸಿದೆ. ಅತ್ತಿಮಬ್ಬೆಗಿಂತ ಪ್ರಶಸ್ತವಾದ ಶ್ರಾವಿಕೆಯ ಹೆಸರು ಯಾವುದಿದೆ? ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದವಳು, 1501 ಜಿನಬಿಂಬಗಳನ್ನು ಮಾಡಿಸಿ ದಾನಗೈದವಳು, ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದವಳು ಆಕೆ. 1007ರ ಶಾಸನ ಆಕೆಯ ಕೀರ್ತಿಗೆ ಸಾಕ್ಷಿಯಾಗಿದೆ. ಬಸದಿ ಇಂದಿಗೂ ಗದಗ ಜಿಲ್ಲೆಯಲ್ಲಿ ನಿಂತಿದೆ.

ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಅಕ್ಕತಂಗಿಯರಿಬ್ಬರೂ ದಂಡನಾಯಕ ನಾಗದೇವನ ಮಡದಿಯರಾಗಿದ್ದರು. ಆತ ಮಡಿದಾಗ ಗುಂಡಮಬ್ಬೆ ಚಿತೆಯೇರಿದಳು. ಅತ್ತಿಮಬ್ಬೆ ಉಳಿದಳು, ಮಗ ಅಣ್ಣಿಗದೇವನನ್ನು ಬೆಳೆಸಿದಳು, ಉಳಿದ ಆಯುಷ್ಯವನ್ನೆಲ್ಲ ವ್ರತಕ್ಕೂ ದಾನಕ್ಕೂ ಗ್ರಂಥಕ್ಕೂ ಎತ್ತಿಟ್ಟಳು. ವೈಧವ್ಯವನ್ನು ಬಾಳಿನ ಕೊನೆಯೆಂದು ಬಗೆಯದೆ ಬದುಕನ್ನು ಆಯ್ದುಕೊಂಡ ಹೆಣ್ಣಿನ ಹೆಸರು ಇದು. ಹೆಣ್ಣುಮಗುವಿಗೆ ಹರಸಿ ಕೊಡಲು ಇದಕ್ಕಿಂತ ಧರ್ಮಸಮ್ಮತವಾದ ಹೆಸರನ್ನು ನಾನು ಕಾಣೆ.

ಇನ್ನು ಒರಟುತನದ ದೂರು. ಶಾಲೆಯಲ್ಲಿ ಮಕ್ಕಳು ನಗುತ್ತಾರೆ, ಪರದೇಶದಲ್ಲಿ ಉಚ್ಚರಿಸಲಾರರು ಎಂಬ ತಾಯ್ತಂದೆಯರ ಅಳುಕನ್ನು ನಾನು ತಳ್ಳಿಹಾಕುವುದಿಲ್ಲ; ಹೆಸರನ್ನು ಹೊರಬೇಕಾದದ್ದು ಮಗುವೇ ಹೊರತು ಇತಿಹಾಸದ ಅಧ್ಯಾಪಕನಲ್ಲ. ಆದರೆ ನಗು ಹುಟ್ಟುವುದು ಹೆಸರಿನ ಸದ್ದಿನಿಂದಲ್ಲ, ಅದರ ಅಪರಿಚಿತತೆಯಿಂದ. ಊರಿಗೆ ಹತ್ತು ಅತ್ತಿಮಬ್ಬೆಯರಿದ್ದರೆ ಯಾರು ನಗುತ್ತಾರೆ? ಮನೆಯಲ್ಲಿ 'ಅತ್ತಿ' ಎಂದು ಮುದ್ದಿನಿಂದ ಕರೆದರೆ ಯಾವ ನಾಲಗೆ ತೊಡರುತ್ತದೆ? ಇದೇ ತಾಯ್ತಂದೆಯರು ಅಂತರ್ಜಾಲದ ಪಟ್ಟಿಗಳಿಂದ ಎರಡೂವರೆ ಅಕ್ಷರದ ಹೆಸರುಗಳನ್ನು ಆರಿಸಿ ತರುತ್ತಾರೆ. ಯಾವ ನಿಘಂಟಿನಲ್ಲೂ ಇಲ್ಲದ ಶಬ್ದಕ್ಕೆ 'ದೇವರ ಕೊಡುಗೆ', 'ಬೆಳಕಿನ ಕಿರಣ' ಎಂಬ ಅರ್ಥಗಳನ್ನು ಅಂಟಿಸಿರುತ್ತಾರೆ. 'ಸಾರ್, ಈ ಹೆಸರಿನ ಅರ್ಥವೇನು?' ಎಂದು ವಿದ್ಯಾರ್ಥಿನಿಯರು ನನ್ನ ಬಳಿಗೆ ಬಂದದ್ದುಂಟು. ಧಾತುವಿಲ್ಲದ, ಪ್ರತ್ಯಯವಿಲ್ಲದ ಆ ಸದ್ದಿಗೆ ಅರ್ಥವನ್ನು ನಾನೆಲ್ಲಿಂದ ತರಲಿ? ಅರ್ಥವಿಲ್ಲವೆಂದು ಅತ್ತಿಮಬ್ಬೆಯನ್ನು ತಿರಸ್ಕರಿಸಿದವರು ನಿಜಕ್ಕೂ ಅರ್ಥವಿಲ್ಲದ್ದನ್ನೇ ಮನೆ ತುಂಬಿಸಿಕೊಂಡರು.

ಎಲ್ಲ ಮನೆಗಳಲ್ಲೂ ಇದೇ ಹೆಸರಿರಲಿ ಎಂಬ ಹಟ ನನ್ನದಲ್ಲ. ಜಕ್ಕಿಯಬ್ಬೆ ಇದೆ, ಸಾವಿಯಬ್ಬೆ ಇದೆ. ಅಜ್ಜಿಯರ ಪದ್ಮವ್ವ, ಶಾಂತವ್ವ ಇವೆ. ನನ್ನ ತಕರಾರು ಇಷ್ಟೇ: ಗೌರವವನ್ನು ಫಲಕಕ್ಕೆ ಮೀಸಲಿಟ್ಟು ಬಳಕೆಯಿಂದ ಹೆಸರನ್ನು ಹೊರಗಟ್ಟುವುದು ಸ್ಮರಣೆಯಲ್ಲ. ಶಾಂತಿಪುರಾಣ ಮರೆಯಾಗಬಾರದೆಂದು ಅತ್ತಿಮಬ್ಬೆ ಅದಕ್ಕೊಂದು ಗುಡಿ ಕಟ್ಟಿ ಪೂಜಿಸಲಿಲ್ಲ. ಪ್ರತಿ ಮಾಡಿಸಿ ಓದುವವರ ಕೈಗೆ ಕೊಟ್ಟಳು. ಓಲೆ ಗ್ರಂಥ ಉಳಿಯುವುದು ಹಾಗೆ. ಹೆಸರೂ ಹಾಗೆಯೇ ಉಳಿಯುತ್ತದೆ: ಒಂದು ತಲೆಮಾರು ಇನ್ನೊಂದರ ಮೇಲೆ ಅದನ್ನು ಮತ್ತೆ ಬರೆಯಬೇಕು. ಸಾವಿರ ಪ್ರತಿ ಮಾಡಿಸಿದವಳ ಹೆಸರಿಗೆ ನಮ್ಮ ತಲೆಮಾರಿನಿಂದ ಹತ್ತು ಪ್ರತಿಗಳಾದರೂ ಆಗಲಿ. ಮುಂದಿನ ನಾಮಕರಣದ ದಿನ ಮಗುವಿನ ಕಿವಿಯ ಬಳಿ ಬಾಗುವ ಸೋದರತ್ತೆಯರು ಇದನ್ನೊಮ್ಮೆ ನೆನೆಯಲಿ.