ಹಠಾತ್ ಕಿವುಡು: ನಾಳೆಗೆ ಮುಂದೂಡಬಾರದ ತೊಂದರೆ

ಎದೆನೋವು ಕಾಣಿಸಿಕೊಂಡರೆ ಮನೆಮಂದಿಯೆಲ್ಲ ಗಾಬರಿಗೊಂಡು ಆಸ್ಪತ್ರೆಗೆ ಧಾವಿಸುತ್ತಾರೆ. ಬೆಳಿಗ್ಗೆ ಏಳುವಾಗ ಒಂದು ಕಿವಿ ಕೇಳಿಸದೆ ಹೋದರೆ ಮಾತ್ರ ‘ಶೀತವಾಗಿರಬೇಕು, ಗುಗ್ಗೆ ಕಟ್ಟಿರಬೇಕು, ಎರಡು ದಿನ ನೋಡೋಣ’ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ನೋವಿಲ್ಲ, ಇನ್ನೊಂದು ಕಿವಿ ಕೇಳಿಸುತ್ತಿದೆ; ಹೀಗಾಗಿ ಎರಡು ದಿನವೆಂಬುದು ಎರಡು ವಾರವಾಗುತ್ತದೆ. ಹಠಾತ್ ಕಿವುಡನ್ನು ಬಾರದಂತೆ ತಡೆಯುವ ಖಚಿತ ಉಪಾಯ ನಮ್ಮಲ್ಲಿಲ್ಲ. ಆದರೆ ಈ ವಿಳಂಬವನ್ನು ತಡೆಯುವುದು ಸಂಪೂರ್ಣವಾಗಿ ನಮ್ಮ ಕೈಯಲ್ಲಿದೆ.

ಶ್ರವಣಕ್ಕೆ ನಮ್ಮ ಪರಂಪರೆ ಕೊಟ್ಟಿರುವ ಸ್ಥಾನ ಸಣ್ಣದಲ್ಲ. ಮಂತ್ರದೀಕ್ಷೆಯಲ್ಲಿ ಗುರುವು ಶಿಷ್ಯನಿಗೆ ಷಡಕ್ಷರಿಯನ್ನು ಅನುಗ್ರಹಿಸುವುದು ಕಿವಿಯ ಮೂಲಕವೇ. ಷಟ್‌ಸ್ಥಲ ತತ್ತ್ವದಲ್ಲಿ ಶ್ರೋತ್ರೇಂದ್ರಿಯವು ಪ್ರಸಾದಲಿಂಗದ ನೆಲೆ. ಅಂತಹ ಇಂದ್ರಿಯವನ್ನು ಕಾಪಾಡಿಕೊಳ್ಳುವುದೂ ಸದ್ಭಕ್ತನ ಕರ್ತವ್ಯವಲ್ಲವೇ?

ಒಳಗಿವಿಯಲ್ಲಿ ಶಂಖದಂತೆ ಸುರುಳಿಗೊಂಡ ಕೋಕ್ಲಿಯಾ ಎಂಬ ಅಂಗವಿದೆ. ಅದರೊಳಗಿನ ಸೂಕ್ಷ್ಮ ರೋಮಕೋಶಗಳು ಶಬ್ದದ ಕಂಪನವನ್ನು ನರದ ಸಂಕೇತವಾಗಿ ಮಾರ್ಪಡಿಸುತ್ತವೆ. ಒಮ್ಮೆ ಸತ್ತ ಈ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಒಳಗಿವಿ ಅಥವಾ ಶ್ರವಣ ನರದ ತೊಂದರೆಯಿಂದ 72 ಗಂಟೆಗಳೊಳಗೆ, ಒಂದರ ಪಕ್ಕದ ಒಂದರಂತೆ ಮೂರು ಸ್ವರಮಟ್ಟಗಳಲ್ಲಿ 30 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ಶ್ರವಣಶಕ್ತಿ ಕುಂದಿದರೆ ವೈದ್ಯರು ಅದನ್ನು ಹಠಾತ್ ಕಿವುಡು ಎನ್ನುತ್ತಾರೆ. ಸಾಮಾನ್ಯವಾಗಿ ಒಂದೇ ಕಿವಿಗೆ ಬರುವ ಇದರ ಜೊತೆಗೆ ಕಿವಿ ತುಂಬಿಕೊಂಡಂತಾಗುವುದು, ಗುಂಯ್‌ಗುಡುವುದು, ತಲೆ ಸುತ್ತುವುದು ಇರಬಹುದು. ಹೆಚ್ಚಿನವರಲ್ಲಿ ನಿರ್ದಿಷ್ಟ ಕಾರಣ ತಿಳಿಯುವುದೇ ಇಲ್ಲ. ವೈರಾಣು ಸೋಂಕು, ಒಳಗಿವಿಯ ರಕ್ತಸಂಚಾರದ ಅಡಚಣೆ ಮೊದಲಾದುವುಗಳ ಮೇಲೆ ಸಂಶಯವಿದೆ.

ಗುಗ್ಗೆಯಿಂದಲೂ ಕಿವಿ ಮುಚ್ಚಿಕೊಳ್ಳುತ್ತದೆ, ನಿಜ. ಆದರೆ ತೊಂದರೆ ಗುಗ್ಗೆಯದೋ ನರದ್ದೋ ಎಂಬುದನ್ನು ಮನೆಯಲ್ಲಿ ಕುಳಿತು ನಿರ್ಣಯಿಸಲಾಗದು. ಕಿವಿ, ಮೂಗು, ಗಂಟಲು ತಜ್ಞರು ಕಿವಿಯೊಳಗೆ ನೋಡಿ, ಟ್ಯೂನಿಂಗ್ ಫೋರ್ಕ್ ಎಂಬ ಕವಲುಳ್ಳ ಉಪಕರಣವನ್ನು ಮಿಡಿದು ಕೆಲವೇ ನಿಮಿಷಗಳಲ್ಲಿ ಸುಳಿವು ಪಡೆಯುತ್ತಾರೆ. ಬಳಿಕ ಆಡಿಯೋಮೆಟ್ರಿ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ. ನರದ ಮೇಲೆ ಗಡ್ಡೆಯಿದೆಯೇ ಎಂದು ತಿಳಿಯಲು ಎಂಆರ್‌ಐ ಕೂಡ ಬೇಕಾಗಬಹುದು.

ಚಿಕಿತ್ಸೆಯಲ್ಲಿ ಮುಖ್ಯವಾದುದು ಸ್ಟಿರಾಯ್ಡ್ ಔಷಧ. ಮೊದಲ ಎರಡು ವಾರಗಳೊಳಗೆ ಆರಂಭಿಸಿದರೆ ಪ್ರಯೋಜನದ ಸಾಧ್ಯತೆ ಹೆಚ್ಚು. ದಿನಗಳು ಕಳೆದಂತೆ ಅದು ಕ್ಷೀಣಿಸುತ್ತದೆ. ಮಾತ್ರೆಯಿಂದ ಫಲ ದೊರೆಯದಿದ್ದರೆ ಕಿವಿಯ ತಮಟೆಯ ಮೂಲಕ ಚುಚ್ಚುಮದ್ದು ನೀಡುವುದುಂಟು. ಮಧುಮೇಹಿಗಳು ತಮ್ಮ ಕಾಯಿಲೆಯನ್ನು ಮೊದಲೇ ತಿಳಿಸಬೇಕು, ಏಕೆಂದರೆ ಈ ಔಷಧ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ‘ತಾನಾಗಿಯೇ ಸರಿಹೋದವರಿಲ್ಲವೇ?’ ಎಂದು ಕೇಳುವವರಿದ್ದಾರೆ. ಇದ್ದಾರೆ, ಅಂತಹವರು ವಿರಳವೂ ಅಲ್ಲ. ಆದರೆ ಯಾರ ಕಿವಿ ಮರಳುತ್ತದೆ, ಯಾರದು ಮರಳುವುದಿಲ್ಲ ಎಂಬುದನ್ನು ಮುಂಚಿತವಾಗಿ ಹೇಳಬಲ್ಲವರಿಲ್ಲ. ಚಿಕಿತ್ಸೆ ಪಡೆದ ಎಲ್ಲರಿಗೂ ಗುಣವಾಗುತ್ತದೆಂಬ ಭರವಸೆಯೂ ಇಲ್ಲ; ಕಾಯುತ್ತ ಕುಳಿತವರು ಇರುವ ಅವಕಾಶವನ್ನೂ ಕಳೆದುಕೊಳ್ಳುತ್ತಾರೆ.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುವ ರೂಢಿಯನ್ನು ಇಲ್ಲಿ ಕೈಬಿಡಲೇಬೇಕು. ಆ ಎಣ್ಣೆ ಒಳಗಿವಿಯನ್ನು ತಲುಪುವುದಿಲ್ಲ. ತಮಟೆಯಲ್ಲಿ ರಂಧ್ರವಿದ್ದರೆ ಹಾನಿ ನಿಶ್ಚಿತ. ಕಡ್ಡಿ, ಪಿನ್ನುಗಳಿಂದ ಕೆದಕುವುದೂ ಸಲ್ಲದು. ಕಿವುಡಿನೊಂದಿಗೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ನಿಲ್ಲಲಾಗದಷ್ಟು ತಲೆ ಸುತ್ತಿದರೆ ಅದು ಪಾರ್ಶ್ವವಾಯುವಿನ ಲಕ್ಷಣವಾಗಿರಬಹುದು. ಕೂಡಲೇ 108ಕ್ಕೆ ಕರೆ ಮಾಡಿ.

ಹಳ್ಳಿಗಳಲ್ಲಿ ತಜ್ಞರು ಸಿಗುವುದು ಕಷ್ಟವೆಂಬುದು ನಿಜವಾದ ತೊಡಕು. ಊರಿನ ವೈದ್ಯರಿಗೆ ‘ಇಂತಹ ದಿನದಿಂದ ಇದ್ದಕ್ಕಿದ್ದಂತೆ ಕೇಳಿಸುತ್ತಿಲ್ಲ’ ಎಂದು ಸ್ಪಷ್ಟವಾಗಿ ಹೇಳಿ, ಜಿಲ್ಲಾ ಆಸ್ಪತ್ರೆಗೆ ಪತ್ರ ಪಡೆದು ಒಂದೆರಡು ದಿನಗಳಲ್ಲೇ ಹೊರಡಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಶ್ರವಣ ಪರೀಕ್ಷೆಯ ಸೌಲಭ್ಯವಿದೆ. ಮನೆಯ ಹಿರಿಯರು ಮಕ್ಕಳಿಗೆ ತೊಂದರೆಯೇಕೆಂದು ಇಂತಹುದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅವರು ಫೋನನ್ನು ಎಂದಿನ ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದರೆ, ಮಾತಿಗೆ ತಲೆ ಓರೆ ಮಾಡಿದರೆ ಕಿರಿಯರೇ ಗಮನಿಸಿ ಕೇಳಬೇಕು. ಸುಗ್ಗಿ ಮುಗಿಯಲಿ, ಜಾತ್ರೆ ಮುಗಿಯಲಿ ಎಂದು ದಿನ ದೂಡುವುದು ಬೇಡ. ಜಾತ್ರೆ ಮುಂದಿನ ವರ್ಷವೂ ಬರುತ್ತದೆ. ಹೋದ ಶ್ರವಣ ಮರಳಿ ಬಾರದಿರಬಹುದು.